ತರಗತಿಯಿಂದ ಕಾರ್ಖಾನೆಗೆ
(ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಓದುವಾಗಲೇ ದುಡಿದು ಖರ್ಚು ನಿಭಾಯಿಸಿದ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಸಮರ್ಥ ಇಂಜಿನಿಯರ್‌ಗಳಾಗುವುದನ್ನು ಅಮೇರಿಕದ ಅಧ್ಯಾಪಕ ಹರ್ಮನ್ ಶ್ನೈಡರ್ ಗಮನಿಸಿದ್ದರು. 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಅವರು 27 ವಿದ್ಯಾರ್ಥಿಗಳೊಂದಿಗೆ ಹೊಸ ಪದ್ಧತಿಯನ್ನು ಆರಂಭಿಸಿದರು. ಒಂದು ವಾರ ತರಗತಿ, ಮರುವಾರ ಕಾರ್ಖಾನೆ. ದುಡಿಮೆಗೆ ವೇತನವೂ ಇತ್ತು. ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆಯು 1973ರಿಂದ ಪಠ್ಯಕ್ರಮದ ಭಾಗವಾಗಿಯೇ ವಿದ್ಯಾರ್ಥಿಗಳನ್ನು ಉದ್ಯಮಗಳಿಗೆ ಕಳುಹಿಸುತ್ತಿದೆ. ಎರಡೂ ಕಡೆ ಕೆಲಸದ ಸ್ಥಳ ಗೊತ್ತುಪಡಿಸುವ ಹೊಣೆಯನ್ನು ಸಂಸ್ಥೆಯೇ ವಹಿಸಿಕೊಂಡಿತು.

ಆದರೆ ಅನೇಕ ಕಾಲೇಜುಗಳು ಆ ಹೊಣೆಯನ್ನು ವಿದ್ಯಾರ್ಥಿಯ ಹೆಗಲಿಗೇ ಹೊರಿಸುತ್ತವೆ. ಕಂಪೆನಿಯಲ್ಲಿ ಮಾವನೋ ಚಿಕ್ಕಪ್ಪನೋ ಇದ್ದವನಿಗೆ ಬಾಗಿಲು ತೆರೆಯುತ್ತದೆ. ಮನೆತನದಲ್ಲೇ ಮೊದಲಿಗಳಾಗಿ ಇಂಜಿನಿಯರಿಂಗ್ ಓದುತ್ತಿರುವ ಮೆಕ್ಯಾನಿಕನ ಮಗಳು ಯಾರ ಬಾಗಿಲು ತಟ್ಟಬೇಕು? ಕೊನೆಗೆ ಹಣ ತೆತ್ತು ಪ್ರಮಾಣಪತ್ರ ಕೊಳ್ಳುವವರೂ ಇದ್ದಾರೆ. ಕಾಗದ ಸಿಗುತ್ತದೆ, ಕೈಗೆ ಕಸುಬು ಹತ್ತುವುದಿಲ್ಲ.

ಆದ್ದರಿಂದ ಪ್ರವೇಶಕ್ಕೆ ಮುನ್ನ ಶುಲ್ಕವನ್ನಷ್ಟೇ ವಿಚಾರಿಸಿ ಮರಳಬೇಡಿ. ಯಾವ ಉದ್ಯಮಗಳೊಂದಿಗೆ ಒಪ್ಪಂದವಿದೆ? ಕಳೆದ ವರ್ಷ ಎಷ್ಟು ಮಂದಿಯನ್ನು ಕಳುಹಿಸಿದ್ದೀರಿ? ಅವರು ಅಲ್ಲಿ ಮಾಡಿದ ಕೆಲಸವೇನು? ಶಿಷ್ಯವೇತನವಿದೆಯೇ? ಹೆಣ್ಣುಮಕ್ಕಳ ವಸತಿಗೆ ವ್ಯವಸ್ಥೆಯೇನು? ಇವಕ್ಕೆ ಲಿಖಿತ ಉತ್ತರ ಕೇಳಿರಿ.

ವಿದ್ಯಾರ್ಥಿಗಳೇ, ತಂದೆಯ ಗ್ಯಾರೇಜಿನಲ್ಲಿ ಕೈಗೆ ಗ್ರೀಸ್ ಹತ್ತಿದ್ದಕ್ಕೆ ನಾಚಬೇಡಿ. ಶ್ನೈಡರ್ ಅಂದು ಗುರುತಿಸಿದ್ದು ದುಡಿದ ಕೈಗಳನ್ನೇ.