ಎಳೆಯುವುದು ಇಂಜಿನ್ನಿನ ಕೆಲಸ, ನಿಲ್ಲಿಸುವುದು ನಮ್ಮ ಕೆಲಸ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಸಂಘದ ಹಿರಿಯ ಸದಸ್ಯರೂ ಟ್ರ್ಯಾಕ್ಟರ್ ಮೆಕ್ಯಾನಿಕರೂ ಆದವರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಪಾನಾ ಹಿಡಿದು ರೂಢಿಯಾದ ಕೈಗೆ ಇವತ್ತು ಮೈಕು ಕೊಟ್ಟಿದ್ದೀರಿ. ನಾನು ಹೆಚ್ಚು ಓದಿದವನಲ್ಲ. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರು ಆಗಲೇ ಚೆನ್ನಾಗಿ ಹೇಳಿದ್ದಾರೆ. ಕಾರ್ಯದರ್ಶಿಗಳು ನನಗೆ, "ನೀವು ಟ್ರ್ಯಾಕ್ಟರ್ ಬಗ್ಗೆನೇ ಎರಡು ಮಾತು ಹೇಳ್ರಿ, ಅದೇ ನಮ್ಮ ಮಂದಿಗೆ ಉಪಯೋಗ" ಅಂದರು. ಆದ್ದರಿಂದ ಆ ಒಂದೇ ವಿಷಯಕ್ಕೆ ನಿಲ್ಲುತ್ತೇನೆ.

ಈ ಸಂಘ ಹುಟ್ಟಿದಾಗ ನಮ್ಮೂರಲ್ಲಿ ಟ್ರ್ಯಾಕ್ಟರುಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಇವತ್ತು ಓಣಿಗೆರಡು ನಿಂತಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿ ಕಡೆ ಭತ್ತ, ನಾರಾಯಣಪುರ ಬಲದಂಡೆ ಕಾಲುವೆಯ ನೀರಿನಿಂದ ದೇವದುರ್ಗ ಕಡೆ ಹಸಿರು. ಮಳೆಯಾಶ್ರಿತ ಕಪ್ಪು ನೆಲದಲ್ಲಿ ಹತ್ತಿ, ತೊಗರಿ. ಇಷ್ಟೆಲ್ಲ ಬೆಳೆದದ್ದು ಮನೆಯಿಂದ ಮಾನ್ವಿಯ ಮಿಲ್ಲಿಗೆ, ರಾಯಚೂರಿನ ರಾಜೇಂದ್ರ ಗಂಜಿಗೆ ಹೋಗುವುದು ಟ್ರಾಲಿಯಲ್ಲೇ. ಎತ್ತಿನ ಬಂಡಿಯ ಕಾಲ ಮುಗಿಯಿತು. ಆದರೆ ಬಂಡಿ ಹೇರುವಾಗ ನಮ್ಮ ಹಿರಿಯರಿಗೆ ಎತ್ತಿನ ಮೈ ಮೇಲೆ ಒಂದು ಕಣ್ಣು ಇರುತ್ತಿತ್ತು. ಟ್ರಾಲಿ ಹೇರುವಾಗ ನಮಗೆ ಆ ಕಣ್ಣಿಲ್ಲ. ಇಂಜಿನ್ನಿಗೆ ನೋವಾಗುವುದಿಲ್ಲವಲ್ಲ!

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನನ್ನ ಅಕ್ಕನ ಮಗನ ಕಥೆ ಇಲ್ಲಿರುವ ಬಹಳ ಜನರಿಗೆ ಗೊತ್ತು. ಆದರೆ ಅದು ಯಾಕೆ ಆಯಿತು ಎಂಬುದು ನನಗೂ ಅವನಿಗೂ ಬಿಟ್ಟು ಉಳಿದವರಿಗೆ ಗೊತ್ತಿಲ್ಲ. ಅವನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಅಗೋ, ಆ ಕಂಬದ ಹತ್ತಿರ ಕುಳಿತಿದ್ದಾನೆ.

ಆಗ ಎರಡನೇ ಬೆಳೆಗೆ ಗದ್ದೆ ಕೆಸರು ಮಾಡುತ್ತಿದ್ದೆವು. ಮೊದಲ ಬೆಳೆಯ ಭತ್ತ ಇನ್ನೂ ಮನೆಯಲ್ಲಿತ್ತು. ಮುಂಜಾನೆಯಿಂದ ಮಧ್ಯಾಹ್ನದ ತನಕ ಅವನು ಗದ್ದೆಯಲ್ಲಿ ಟ್ರ್ಯಾಕ್ಟರ್ ಹೊಡೆದ. ಅಷ್ಟರಲ್ಲಿ ಗಂಜಿನಿಂದ ಫೋನು ಬಂತು, ದರ ಏರಿದೆ ಅಂತ. ನನಗೆ ಆಸೆ ಹುಟ್ಟಿತು. ಕೇಜ್ ವೀಲ್ ಬಿಚ್ಚಿಸಿದೆ, ಟ್ರಾಲಿ ಕಟ್ಟಿಸಿದೆ. ನೂರು ಚೀಲ ಹೇರಿದ ಮೇಲೆ ಹುಡುಗ, "ಸಾಕು ಮಾಮಾ, ಪಾಟಾ ಕುಂತಾವು" ಅಂದ. ನಾನು, "ಏನಾಗಂಗಿಲ್ಲ ತಗೋ, ಇನ್ನೊಂದು ಹತ್ತು ಚೀಲ ಹಾಕು, ಎರಡನೇ ಟ್ರಿಪ್ಪಿನ ಡೀಸೆಲ್ ಉಳೀತದ" ಅಂದೆ.

ಹಳ್ಳದ ಇಳಿಜಾರಿನಲ್ಲಿ ಟ್ರಾಲಿ ಹಿಂದಿನಿಂದ ನೂಕಿತು. ಅವನು ಬ್ರೇಕ್ ತುಳಿದ. ಬಲಗಡೆ ಗಾಲಿ ಮಾತ್ರ ಹಿಡಿಯಿತು. ಟ್ರ್ಯಾಕ್ಟರ್ ಗಕ್ಕನೆ ಅಡ್ಡ ತಿರುಗಿತು. ಹಿಂದಿನ ಭಾರ ಅದರ ಮೇಲೆ ಬಂತು. ಹುಡುಗ ಜೀವದಿಂದ ಉಳಿದ, ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಊರವರು "ವಿಧಿ" ಅಂದರು. ನಾನು ಮೆಕ್ಯಾನಿಕ್. ಗಾಡಿ ಎತ್ತಿಸಿದ ಮೇಲೆ ಬಿಚ್ಚಿ ನೋಡಿದೆ. ವಿಧಿ ಕಾಣಲಿಲ್ಲ, ನಾಲ್ಕು ತಪ್ಪು ಕಂಡವು. ಆ ನಾಲ್ಕನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ತೂಕ. ಲೆಕ್ಕ ಹಾಕಿ ನೋಡಿರಿ. ನಮ್ಮಲ್ಲಿ ಭತ್ತದ ಚೀಲ 75 ಕಿಲೋ. 110 ಚೀಲ ಅಂದರೆ 8,250 ಕಿಲೋ. ಖಾಲಿ ಟ್ರಾಲಿಯೇ ಒಂದೂವರೆ ಟನ್ನಿನ ಆಸುಪಾಸು. ಎರಡೂ ಕೂಡಿದರೆ ಹತ್ತು ಟನ್ನಿಗೆ ಹತ್ತಿರ. ಮುಂದೆ ಇರುವ ಟ್ರ್ಯಾಕ್ಟರ್ ತೂಗುವುದು ಸುಮಾರು ಎರಡು ಟನ್. ಅಂದರೆ ಒಂದು ಎತ್ತಿನ ಬೆನ್ನ ಹಿಂದೆ ಐದು ಎತ್ತು ನುಗ್ಗಿ ಬಂದ ಹಾಗೆ. ಸಮ ರಸ್ತೆಯಲ್ಲಿ ಕೆಳ ಗೇರಿಗೆ ಹಾಕಿದರೆ ಟ್ರ್ಯಾಕ್ಟರ್ ಇದನ್ನು ಎಳೆಯುತ್ತದೆ. ಅದೇ ನಮಗೆ ಮೋಸ. ಎಳೆಯುವ ಶಕ್ತಿ ಇಂಜಿನ್ನಿನದು, ಅದು ಹೆಚ್ಚು ಇದೆ. ನಿಲ್ಲಿಸುವ ಶಕ್ತಿ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಯ ಬ್ರೇಕಿನದು, ಅದು ಕಡಿಮೆ. ನಮ್ಮ ಟ್ರಾಲಿಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇಲ್ಲ. "ನನ್ನ ಗಾಡಿ ಇಷ್ಟು ಎಳೀತದ" ಅಂತ ಕಟ್ಟೆ ಮೇಲೆ ಜಂಬ ಕೊಚ್ಚುತ್ತೇವೆ. "ಇಷ್ಟನ್ನು ನಿಲ್ಲಿಸ್ತದ" ಅಂತ ಹೇಳಿದವನನ್ನು ನಾನು ನೋಡಿಲ್ಲ.

ಎಷ್ಟು ಹೇರಬೇಕು? ಟ್ರಾಲಿಗೂ ಬೇರೆ ನೋಂದಣಿ ಉಂಟು. ಅದರ ಆರ್.ಸಿ. ಪುಸ್ತಕದಲ್ಲಿ ಖಾಲಿ ತೂಕ, ತುಂಬಿದ ತೂಕ ಎರಡೂ ಇರುತ್ತವೆ. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆಯಿರಿ, 75ರಿಂದ ಭಾಗಿಸಿರಿ. ಉದಾಹರಣೆಗೆ ತುಂಬಿದ ತೂಕ 6,500, ಖಾಲಿ ತೂಕ 1,500 ಇದ್ದರೆ ಉಳಿದದ್ದು 5,000 ಕಿಲೋ, ಅಂದರೆ 66 ಚೀಲ. ಈ ಅಂಕಿಯನ್ನು ಟ್ರಾಲಿಯ ಫಾಲಕದ ಮೇಲೆ ಬಣ್ಣದಿಂದ ಬರೆಸಿರಿ. ಹಮಾಲರಿಗೂ ಕಾಣಲಿ, ಮಾಲೀಕನ ಆಸೆಗೂ ಕಾಣಲಿ.

ಎರಡನೆಯದು ಬ್ರೇಕಿನ ಕೊಂಡಿ. ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್ ಇವೆ, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಹೊಲದ ಬದುವಿನಲ್ಲಿ ಸಣ್ಣ ಜಾಗದಲ್ಲಿ ತಿರುಗಲಿ ಅಂತ ಹಾಗೆ ಮಾಡಿದ್ದಾರೆ. ಎರಡನ್ನೂ ಕೂಡಿಸಲು ಒಂದು ಸಣ್ಣ ಕೊಂಡಿ ಇದೆ. ರಸ್ತೆಗೆ ಬಂದ ಕ್ಷಣ ಅದನ್ನು ಹಾಕಲೇಬೇಕು. ಇಲ್ಲದಿದ್ದರೆ ಕಾಲು ಒಂದೇ ಪೆಡಲಿನ ಮೇಲೆ ಬಿದ್ದಾಗ ಗಾಡಿ ಒಂದೇ ಕಡೆ ಎಳೆದು ಅಡ್ಡಾಗುತ್ತದೆ. ಅವತ್ತು ಹುಡುಗ ಗದ್ದೆಯಿಂದ ನೇರ ಬಂದಿದ್ದ. ಕೊಂಡಿ ಬಿಚ್ಚಿತ್ತು. ನನ್ನ ಅವಸರದಲ್ಲಿ ಅವನಿಗೆ ನೆನಪಾಗಲಿಲ್ಲ, ನಾನೂ ನೋಡಲಿಲ್ಲ. ಎಷ್ಟೋ ಗಾಡಿಗಳಲ್ಲಿ ಈ ಕೊಂಡಿ ತುಕ್ಕು ಹಿಡಿದಿದೆ, ಕೆಲವದರಲ್ಲಿ ಮುರಿದು ಬಿದ್ದೇ ಹೋಗಿದೆ. ಇವತ್ತು ಮನೆಗೆ ಹೋದ ಕೂಡಲೇ ನೋಡಿರಿ.

ಮೂರನೆಯದು ಒದ್ದೆ ಬ್ರೇಕು. ಹೊಸ ಗಾಡಿಗಳಲ್ಲಿ ಆಯಿಲ್ ಬ್ರೇಕ್ ಬಂದಿದೆ, ಅದು ಎಣ್ಣೆಯಲ್ಲಿ ಮುಳುಗಿರುತ್ತದೆ. ನಮ್ಮಲ್ಲಿ ಇನ್ನೂ ಓಡುತ್ತಿರುವ ಹಳೆಯ ಗಾಡಿಗಳಲ್ಲಿ ಬಹಳಷ್ಟು ಒಣ ಬ್ರೇಕಿನವು. ಕೆಸರುಗದ್ದೆಯಲ್ಲಿ ಮುಳುಗಿ ಎದ್ದ ಮೇಲೆ ಸೀಲು ಸವೆದಿದ್ದರೆ ನೀರು, ರಾಡಿ ಒಳಗೆ ಸೇರುತ್ತವೆ. ಪೆಡಲ್ ಗಟ್ಟಿ ಇದ್ದ ಹಾಗೇ ಅನಿಸುತ್ತದೆ, ಗಾಲಿ ಹಿಡಿಯುವುದಿಲ್ಲ. ಅಥವಾ ಒಂದು ಹಿಡಿದು ಇನ್ನೊಂದು ಜಾರುತ್ತದೆ. ಗದ್ದೆಯಿಂದ ಬಂದ ಮೇಲೆ ಖಾಲಿ ಗಾಡಿಯನ್ನು ನಿಧಾನ ಓಡಿಸಿ, ಬ್ರೇಕ್ ಹಗುರ ತುಳಿದು ಬಿಟ್ಟು ನಾಲ್ಕಾರು ಸಲ ಮಾಡಿದರೆ ಬಿಸಿಗೆ ಒಣಗುತ್ತದೆ. ಎರಡೂ ಗಾಲಿ ಸಮ ಹಿಡಿಯುತ್ತವೆಯೇ ಎಂದು ನೋಡಿಕೊಂಡೇ ಟ್ರಾಲಿ ಕಟ್ಟಬೇಕು.

ನಾಲ್ಕನೆಯದು ಇಳಿಜಾರಿನ ಗೇರು. ನಮ್ಮದು ಘಟ್ಟದ ಸೀಮೆ ಅಲ್ಲ, ನಮಗೆಲ್ಲಿ ಇಳಿಜಾರು ಅಂತೀರಿ. ಪ್ರತಿ ಹಳ್ಳ ಒಂದು ಇಳಿಜಾರು, ಪ್ರತಿ ಕಾಲುವೆ ಸೇತುವೆ ಒಂದು ಏರು, ಒಂದು ಇಳುಕಲು. ಇಳುಕಲು ಬಂತೆಂದರೆ ನಮ್ಮ ಹುಡುಗರು ಗೇರು ತಪ್ಪಿಸಿ ನ್ಯೂಟ್ರಲ್ ಮಾಡುತ್ತಾರೆ, ಡೀಸೆಲ್ ಉಳಿಯಲಿ ಅಂತ. ಗೇರಿನಲ್ಲಿದ್ದಾಗ ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿದಿರುತ್ತದೆ. ನ್ಯೂಟ್ರಲ್ ಮಾಡಿದರೆ, ಕ್ಲಚ್ ಒತ್ತಿದರೆ ಆ ಹಿಡಿತ ಬಿಟ್ಟುಹೋಗುತ್ತದೆ. ಓಟ ಹತ್ತಿದ ಮೇಲೆ ಮತ್ತೆ ಗೇರು ಹಾಕಲು ಹೋದರೆ ಹಲ್ಲು ಕಟಕಟ ಅನ್ನುತ್ತವೆ, ಕೂಡುವುದಿಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಅದೂ ಇಳುಕಲು ಶುರುವಾಗುವ ಮೊದಲೇ ಹಾಕಬೇಕು. ಇನ್ನು ಓಟದ ವಿಷಯ. ಗಂಟೆಗೆ 20 ಕಿಲೋಮೀಟರ್ ಓಟದಲ್ಲಿ ಗಾಡಿ ಒಂದು ಸೆಕೆಂಡಿಗೆ 18 ಅಡಿ ಹೋಗುತ್ತದೆ. ಓಟ ಎರಡು ಪಟ್ಟು ಮಾಡಿದರೆ ನಿಲ್ಲಿಸಲು ಬ್ರೇಕಿಗೆ ಬೀಳುವ ಕೆಲಸ ನಾಲ್ಕು ಪಟ್ಟು ಆಗುತ್ತದೆ.

ಇವು ನಾಲ್ಕು ನಮ್ಮ ಮನೆಯ ತಪ್ಪುಗಳು. ಇನ್ನು ಗ್ಯಾರೇಜಿನಲ್ಲಿ ಕಂಡ ಕೆಲವು ಮಾತು.

ಹುಕ್ಕಿಗೆ ಅದರ ಅಳತೆಯ ಪಿನ್ನೇ ಇರಬೇಕು, ಪಿನ್ನಿನ ಕೆಳಗೆ ಕ್ಲಿಪ್ ಇರಬೇಕು. ಸಿಕ್ಕ ಬೋಲ್ಟು, ಸರಳಿನ ತುಂಡು ಹಾಕಿ ಓಡಿಸುವವರಿದ್ದಾರೆ. ಹಂಪಿನ ಮೇಲೆ ಅದು ನೆಗೆದು ಬಿದ್ದರೆ ಟ್ರಾಲಿ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಪಿನ್ನಿನ ಜೊತೆಗೆ ಒಂದು ಗಟ್ಟಿ ಸರಪಳಿಯನ್ನೂ ಕಟ್ಟಿರಿ.

ಎರಡು ಗಾಲಿಯ ಟ್ರಾಲಿಯಲ್ಲಿ ಭಾರ ಅಚ್ಚಿಗಿಂತ ಸ್ವಲ್ಪವೇ ಮುಂದೆ ಇರಲಿ. ಪೂರ್ತಿ ಮುಂದೆ ಹೇರಿದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಪೂರ್ತಿ ಹಿಂದೆ ಹೇರಿದರೆ ಹುಕ್ಕನ್ನು ಮೇಲಕ್ಕೆ ಎತ್ತಿ ಹಿಂದಿನ ಗಾಲಿಯ ಹಿಡಿತ ಹೋಗುತ್ತದೆ. ಹಿಂದಿನ ಗಾಲಿಯ ಹಿಡಿತ ಹೋಯಿತು ಅಂದರೆ ಬ್ರೇಕೂ ಹೋಯಿತು.

ಕಪ್ಪು ನೆಲದ ಕೆಸರಿನಲ್ಲಿ ಟ್ರಾಲಿ ಹೂತಾಗ ಸರಪಳಿಯನ್ನು ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಜಗ್ಗಬೇಡಿರಿ. ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಡ್ರೈವರನ ಮೇಲೆಯೇ ಹಿಂದಕ್ಕೆ ಮಗುಚುತ್ತದೆ. ಕಣ್ಣು ಮಿಟುಕಿಸುವಷ್ಟೇ ಹೊತ್ತು. ಕೆಳಗಿನ ಡ್ರಾಬಾರಿಗೇ ಕಟ್ಟಬೇಕು, ಕ್ಲಚ್ ನಿಧಾನ ಬಿಡಬೇಕು. ಅದಕ್ಕೂ ಮೊದಲು ಅರ್ಧ ಮಾಲು ಇಳಿಸಿದರೆ ಇನ್ನೂ ಒಳ್ಳೆಯದು.

ಹತ್ತಿ ಹಗುರ, ಆದರೆ ಎತ್ತರ, ಅಗಲ. ಹಿಂದಿನ ದೀಪ ಮುಚ್ಚಿಹೋಗುತ್ತದೆ, ಮೇಲೆ ಕರೆಂಟಿನ ತಂತಿ ತಾಗುತ್ತದೆ, ಸೈಲೆನ್ಸರಿನ ಕಿಡಿ ಬಿದ್ದರೆ ಕೇಳುವುದೇ ಬೇಡ. ಹೇರಿದ ಹತ್ತಿಯ ಮೇಲೆ ಮನುಷ್ಯರು ಕೂಡಬಾರದು.

ರಾತ್ರಿ ಹೊತ್ತು ಪಂಕ್ಚರ್ ಆಗಿ ನಿಂತ ಟ್ರಾಲಿ ಬೈಕಿನವರ ಪಾಲಿಗೆ ಗೋಡೆ ಇದ್ದ ಹಾಗೆ. ಕಲ್ಮಲ, ಗಬ್ಬೂರು, ಕಲ್ಲೂರು ಯಾವ ದಾರಿಯಲ್ಲಿ ಬೇಕಾದರೂ ಹೋಗಿ ನೋಡಿರಿ, ಹಿಂದೆ ಒಂದು ಕೆಂಪು ಚುಕ್ಕೆಯೂ ಇಲ್ಲದ ಟ್ರಾಲಿ ಸಿಗುತ್ತವೆ. ಇನ್ನೊಂದು ಪಾಪದ ಕೆಲಸ ಅಂದರೆ, ಗಾಲಿಗೆ ಕೊಟ್ಟ ಕಲ್ಲನ್ನು ರಸ್ತೆಯ ನಡುವೆಯೇ ಬಿಟ್ಟು ಹೋಗುವುದು. ನಮ್ಮ ಕೆಲಸ ಮುಗಿಯಿತು, ಹಿಂದೆ ಬರುವವನ ಕಥೆ ಅಲ್ಲಿ ಶುರು.

ಮೊನ್ನೆ ಒಬ್ಬ ಹುಡುಗ ಕೇಳಿದ, "ಕಾಕಾ, ಗೇರು ತಾನೇ ಬೀಳೋ ಹಳೇ ದೊಡ್ಡ ಕಾರು ತಗೊಂಡೀನಿ, ಅದಕ್ಕ ನೀರಿನ ಟ್ಯಾಂಕರ್ ಕಟ್ಟಬಹುದೇನ್ರಿ?" ಕೇಳಿದ್ದು ಒಳ್ಳೆಯದಾಯಿತು. ಆ ಆಟೋಮ್ಯಾಟಿಕ್ ಗೇರಿನ ಗಾಡಿಯಲ್ಲಿ ಭಾರ ಎಳೆದಷ್ಟೂ ಗೇರ್‌ಬಾಕ್ಸಿನ ಎಣ್ಣೆ ಕಾಯುತ್ತದೆ. ಹಳೆಯ ಎಣ್ಣೆ ಸುಟ್ಟು ಕಪ್ಪಾದರೆ ಗೇರ್‌ಬಾಕ್ಸೇ ಹೋಗುತ್ತದೆ. ಎಷ್ಟು ತೂಕ ಎಳೆಯಬಹುದು ಎಂದು ಕಂಪನಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ಅದರೊಳಗೇ ಇರಬೇಕು, ಎಣ್ಣೆ ಬದಲಿಸಿರಬೇಕು, ಇಳುಕಲಿನಲ್ಲಿ ಅದನ್ನೂ ಕೈಯಿಂದ ಕೆಳ ಗೇರಿಗೆ ಹಾಕಬೇಕು. ಟ್ರ್ಯಾಕ್ಟರಿನ ಟ್ಯಾಂಕರ್ ಅಂತೂ ಅದಕ್ಕೆ ಕಟ್ಟಬಾರದು. ಐದು ಸಾವಿರ ಲೀಟರ್ ನೀರೇ ಐದು ಟನ್. ಅರ್ಧ ತುಂಬಿದ್ದರೆ ಆ ನೀರು ಒಳಗೆ ಓಲಾಡಿ ಗಾಡಿಯನ್ನೇ ಅಲ್ಲಾಡಿಸುತ್ತದೆ.

ಕಾನೂನಿನ ಮಾತು ಸ್ವಲ್ಪ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಹೆಚ್ಚು ಭಾರ ಹೇರಿದರೆ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಎಂದು ಬರೆದಿದೆ. ಹದಿನೆಂಟು ತುಂಬದ ಹುಡುಗನ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ತಂದೆಗೆ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದಕ್ಕಿಂತ ದೊಡ್ಡದು ತಾಯಂದಿರ ವಿಷಯ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು, ದೇವಸೂಗೂರು ಜಾತ್ರೆಗೆ, ಗುರುಗುಂಟಿ ಅಮರೇಶ್ವರನ ಜಾತ್ರೆಗೆ ಟ್ರಾಲಿ ತುಂಬ ಜನ ಹೋಗುತ್ತೇವೆ. ಟ್ರಾಲಿ ಇರುವುದು ಮಾಲಿಗೆ. ಅದರಲ್ಲಿ ಕೂತವರಿಗೆ ಏನಾದರೂ ಆದರೆ ವಿಮೆಯ ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ. ಕೂಲಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಭತ್ತದ ಚೀಲಗಳಲ್ಲ. ಅಪಘಾತ ಕಂಡರೆ ನೋಡುತ್ತ ನಿಲ್ಲದೆ 108ಕ್ಕೆ ಫೋನು ಮಾಡಿರಿ.

ಕೊನೆಯದಾಗಿ ಸಂಘಕ್ಕೆ ನನ್ನ ಮೂರು ವಿನಂತಿ. ಒಂದು, ಬೆಳ್ಳಿಹಬ್ಬದ ನೆನಪಿಗೆ ಪ್ರತಿ ಸದಸ್ಯನ ಟ್ರಾಲಿಯ ಹಿಂದೆ, ಪಕ್ಕಗಳಿಗೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿ ಹಚ್ಚಿಸಬೇಕು. ಎರಡು, ಪ್ರತಿ ಸುಗ್ಗಿಯ ಮೊದಲು ಒಂದು ದಿನ ಸಂಘದ ಅಂಗಳದಲ್ಲಿ ಬ್ರೇಕು, ಪಿನ್ನು, ಟೈರಿನ ತಪಾಸಣೆ ಆಗಬೇಕು. ಆ ದಿನ ನನ್ನ ಕೈಕೆಲಸಕ್ಕೆ ಕೂಲಿ ಬೇಡ. ಮೂರು, ಆರ್.ಸಿ. ಲೆಕ್ಕಕ್ಕಿಂತ ಒಂದು ಚೀಲವೂ ಹೆಚ್ಚು ಹೇರುವುದಿಲ್ಲ ಎಂದು ಮಹಾಸಭೆಯಲ್ಲಿ ಠರಾವು ಆಗಬೇಕು. "ಎರಡು ಟ್ರಿಪ್ ಆದರೆ ಡೀಸೆಲ್ ಖರ್ಚು" ಅಂತೀರಿ, ನಿಜ. ಅದಕ್ಕೇ ಸಂಘ ಇರುವುದು. ಇಬ್ಬರು ಸಣ್ಣ ರೈತರ ಮಾಲು ಒಂದೇ ದಿನ ಕೂಡಿಸಿ ಹೊರಡಿಸಿದರೆ ಯಾವ ಟ್ರಿಪ್ಪೂ ಅರ್ಧ ಖಾಲಿ ಹೋಗುವುದಿಲ್ಲ, ಯಾವ ಟ್ರಾಲಿಯೂ ಮಿತಿ ಮೀರುವುದಿಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಒಬ್ಬನಿಗೆ ಭಾರವಾದದ್ದನ್ನು ಹತ್ತು ಜನ ಹಂಚಿಕೊಳ್ಳಲಿ ಎಂದೇ.

ಈ ವರ್ಷ ನನ್ನ ಷೇರಿಗೆ ಬರುವ ಡಿವಿಡೆಂಡನ್ನು ರಿಫ್ಲೆಕ್ಟರ್ ಪಟ್ಟಿಗೆ ಜಮಾ ಮಾಡಿಕೊಳ್ಳಬೇಕೆಂದು ಕಾರ್ಯದರ್ಶಿಗಳಿಗೆ ಚೀಟಿ ಬರೆದು ಕೊಟ್ಟಿದ್ದೇನೆ. ಅಳಿಯನೂ ತನ್ನದನ್ನು ಸೇರಿಸಿದ್ದಾನೆ. ಅವತ್ತು ಆ ಹತ್ತು ಚೀಲದಲ್ಲಿ ನಾನು ಉಳಿಸಬೇಕೆಂದಿದ್ದು ಕೆಲವು ಲೀಟರ್ ಡೀಸೆಲ್. ಮುಂದಿನ ಸುಗ್ಗಿಗೆ ನಿಮ್ಮ ಮನೆಯ ಹುಡುಗ, "ಸಾಕು, ಪಾಟಾ ಕುಂತಾವು" ಅಂದರೆ ದಯಮಾಡಿ ಅವನ ಮಾತು ಕೇಳಿರಿ.

ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಅವತ್ತು ಇಲ್ಲಿರುವ ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಈ ಅಂಗಳದಲ್ಲಿ ಕೂಡಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.