ಕಲ್ಯಾಣವೆಂಬ ಹೆಸರು
(ಠಾಣಾ ಕುಶನೂರದಲ್ಲಿ ಮಾಡಿದ ಉಪನ್ಯಾಸ)

 

ಈ ಊರಿನ ಹೆಸರಿನಿಂದಲೇ ಆರಂಭಿಸುವೆನು. ಕಲಬುರ್ಗಿಯ ಮಗ್ಗುಲಲ್ಲಿಯೂ ಒಂದು ಕುಸನೂರುಂಟು. 'ಠಾಣಾ' ಎಂಬ ಶಬ್ದವು ಮುಂದೆ ಸೇರಿರುವದರಿಂದ ಇದು ಬೇರೆಯೆಂದು ತಿಳಿಯುವದು. ಸಂಸ್ಕೃತದ 'ಸ್ಥಾನ'ವೇ ಜನರ ಬಾಯಲ್ಲಿ ಠಾಣೆಯಾಯಿತು. ಕೊಂಕಣದ ಠಾಣೆಪಟ್ಟಣವು ಶಿಲಾಹಾರರ ಶಾಸನಗಳಲ್ಲಿ 'ಸ್ಥಾನಕ'ವೆನಿಸಿದೆ. ಸೋಜಿಗವೆಂದರೆ, ಆ ಠಾಣೆಯ ನೆರೆಯಲ್ಲಿ ಒಂದು ಕಲ್ಯಾಣವಿದೆ. ನಮ್ಮ ಬೀದರ ಜಿಲ್ಲೆಯಲ್ಲಿಯೂ ಒಂದು ಕಲ್ಯಾಣವಿದೆ. ಅದು ಹಳೆಯ ರೇವುಪಟ್ಟಣ, ಇದು ಚಾಲುಕ್ಯರ ರಾಜಧಾನಿ.

ಕಲ್ಯಾಣವೆಂದರೆ ಮಂಗಲ, ಬಂಗಾರವೆಂಬ ಅರ್ಥವೂ ಸಂಸ್ಕೃತದಲ್ಲುಂಟು. ತೀರ್ಥಂಕರನು ಗರ್ಭಕ್ಕೆ ಬಂದುದು ಮೊದಲಾಗಿ ಮೋಕ್ಷದವರೆಗಿನ ಐದು ಪುಣ್ಯಘಟನೆಗಳನ್ನು ಜೈನರು ಪಂಚಕಲ್ಯಾಣವೆನ್ನುವರು. ಗಾಯಕನಿಗೆ ಕಲ್ಯಾಣಿಯು ರಾಗ, ಗುಡಿಗೆ ಹೋದವನಿಗೆ ಮೆಟ್ಟಿಲು ಕಟ್ಟಿದ ಕೊಳ. ಮಕ್ಕಳಿಗೆ ಕಲ್ಯಾಣಪ್ಪ, ಕಲ್ಯಾಣಮ್ಮ. 1837ರಲ್ಲಿ ಕೊಡಗು-ತುಳುನಾಡುಗಳಲ್ಲಿ ಕುಂಪಣಿಯ ವಿರುದ್ಧ ಎದ್ದ ದಂಡಿನ ಮುಂದಾಳು ಪುಟ್ಟಬಸಪ್ಪನು ಕಲ್ಯಾಣಸ್ವಾಮಿಯೆಂಬ ಹೆಸರನ್ನು ತಾಳಿ ಮಂಗಳೂರಿನವರೆಗೆ ನಡೆದನು. ಗಲ್ಲಿಗೇರಿದವನು ಪುಟ್ಟಬಸಪ್ಪ, ಜನರು ಮಾತ್ರ ಆ ದಂಗೆಯನ್ನು ಕಲ್ಯಾಣಪ್ಪನ ಕಾಟಕಾಯಿ ಎಂದೇ ನೆನೆಯುವರು.

ಇನ್ನು ಕಲ್ಯಾಣವೆಂದರೆ ಮದುವೆ. ಊರಾದ ಕಲ್ಯಾಣಕ್ಕೂ ಮದುವೆಯಾದ ಕಲ್ಯಾಣಕ್ಕೂ ಒಮ್ಮೆ ಗಂಟು ಬಿದ್ದಿತು. ಹನ್ನೆರಡನೆಯ ಶತಮಾನದಲ್ಲಿ, ಬಿಜ್ಜಳನ ಆಳಿಕೆಯಲ್ಲಿ, ಬ್ರಾಹ್ಮಣಕುಲದಿಂದ ಬಂದ ಮಧುವರಸರು ತಮ್ಮ ಮಗಳನ್ನು ಸಮಗಾರ ಹರಳಯ್ಯನವರ ಮಗ ಶೀಲವಂತನಿಗೆ ಧಾರೆಯೆರೆದರೆಂದು ಶರಣಚರಿತೆಗಳು ಹೇಳುತ್ತವೆ. ಇಷ್ಟಲಿಂಗವನ್ನು ಧರಿಸಿದ ಮೇಲೆ ಹಿಂದಿನ ಕುಲವೆಲ್ಲಿಯದು? ಅರಮನೆಗೆ ಇದು ಸಹ್ಯವಾಗಲಿಲ್ಲ. ಬೀಗರಿಬ್ಬರನ್ನೂ ಕೊಲ್ಲಿಸಲಾಯಿತು, ಶರಣರು ದಿಕ್ಕುದಿಕ್ಕಿಗೆ ಚದರಿದರು, ಬಿಜ್ಜಳನೂ ಉಳಿಯಲಿಲ್ಲ. ಒಂದು ಕಲ್ಯಾಣವು ಇನ್ನೊಂದು ಕಲ್ಯಾಣವನ್ನು ಬರಿದುಮಾಡಿತೆಂದು ಚಮತ್ಕಾರವಾಗಿ ಹೇಳುವವರುಂಟು. ನಾನು ಒಪ್ಪಲಾರೆನು. ಊರನ್ನು ಬರಿದುಮಾಡಿದುದು ಕುಲದ ಹಮ್ಮು.

ಮುಂದೆ ಆ ಊರು ನಿಜಾಮರ ಸೀಮೆಯಲ್ಲಿ ಕಲ್ಯಾಣಿಯೆನಿಸಿತ್ತು. 1956ರಲ್ಲಿ ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ತರುವಾಯ ಬಸವಕಲ್ಯಾಣವಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆಲ್ಲ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಠಾಣಾ ಕುಶನೂರವೂ ಅದರೊಳಗಾಯಿತು. ಸಂತೋಷವೇ. ಸರಕಾರದ ಕಾಗದಪತ್ರಗಳಲ್ಲಿ ಈ ಶಬ್ದಕ್ಕೆ ಕ್ಷೇಮವೆಂಬ ಅರ್ಥ: ರಸ್ತೆ, ಶಾಲೆ, ದವಾಖಾನೆ. ಅವೂ ಬೇಕು. ಆದರೆ ಕನ್ಯೆ ನೋಡಲು ಬಂದವರನ್ನು ನಾವು ಮೊದಲು ಕೇಳುವದು ಯಾವ ಮಾತನ್ನು? ಕೊರಳಲ್ಲಿ ಲಿಂಗವನ್ನು ಕಂಡ ಮೇಲೂ ಒಳಪಂಗಡವನ್ನು ಕೇಳುವೆವು. ಹರಳಯ್ಯ-ಮಧುವರಸರು ಬೀಗರಾದ ಊರಿನ ಹೆಸರು ಈಗ ನಮ್ಮ ಸೀಮೆಯ ಹೆಸರಾಗಿದೆ. ಬರುವ ಸುಗ್ಗಿಯ ಲಗ್ನಗಳ ಮಾತುಕತೆಗೆ ಕೂಡುವಾಗ ಆ ಒಂದು ಪ್ರಶ್ನೆಯನ್ನು ಬಿಡಬಲ್ಲಿರಾ ಎಂದು ಇಲ್ಲಿ ನೆರೆದ ಹಿರಿಯರನ್ನೇ ಕೇಳುವೆನು.