ಬೆಳೆಯುವ ವಯಸ್ಸು
(ಶತಮಾನೋತ್ಸವದ ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರೆಹರೂಪ)



ಈ ಶಾಲೆಯ ಎಂಟನೆಯ ತರಗತಿಯಲ್ಲಿ ಪ್ರಾರ್ಥನೆಯ ಸಾಲಿನ ಮೊದಲಿಗ ನಾನೇ. ಕುಳ್ಳರು ಮುಂದೆ ಎಂಬುದು ಅಂದಿನ ನಿಯಮ. ಹತ್ತನೆಯದು ಮುಗಿಯುವಾಗ ಹಿಂದಿನಿಂದ ಮೂರನೆಯವನಾಗಿದ್ದೆ. ನಡುವಣ ಎರಡು ವರ್ಷ ಅಮ್ಮ ಹರಕೆ ಹೊತ್ತದ್ದು, ಮಾವ ಟಾನಿಕ್ಕಿನ ಬಾಟಲಿ ತಂದದ್ದು ಇನ್ನೂ ನೆನಪಿದೆ. ನನಗೆ ಬೇಕಾಗಿದ್ದುದು ಕಾಲಾವಕಾಶ ಮಾತ್ರ ಎಂಬುದು ವೈದ್ಯನಾದ ಮೇಲೆ ತಿಳಿಯಿತು.

ಹರೆಯದ ನೆಗೆತ ಹುಡುಗಿಯರಲ್ಲಿ ಸುಮಾರು 12ರಲ್ಲಿ, ಹುಡುಗರಲ್ಲಿ ಸುಮಾರು 14ರಲ್ಲಿ ತುದಿ ಮುಟ್ಟುತ್ತದೆ. ಆದುದರಿಂದಲೇ ಏಳನೆಯ ತರಗತಿಯಲ್ಲಿ ಹುಡುಗಿಯರು ಹುಡುಗರ ತಲೆಯ ಮೇಲಿಂದ ನೋಡುತ್ತಾರೆ. ಮಗಳು ದೊಡ್ಡವಳಾದ ಮೇಲೆ ಅವಳ ಎತ್ತರ ಸಾಮಾನ್ಯವಾಗಿ ಐದಾರು ಸೆಂಟಿಮೀಟರಿನಷ್ಟೇ ಹೆಚ್ಚುವುದು. ಅವಳ ನೆಗೆತದ ಬಹುಭಾಗ ಅದಕ್ಕೆ ಮೊದಲೇ ಮುಗಿದಿರುತ್ತದೆ. ಎಲುಬಿನ ತುದಿಯ ಮೃದುವಾದ ಪದರವೇ ಎತ್ತರವನ್ನು ಕೊಡುವುದು. ಅದನ್ನು ಕೊನೆಗೆ ಮುಚ್ಚಿಸುವುದು ಈಸ್ಟ್ರೋಜನ್ ಎಂಬ ಹಾರ್ಮೋನು, ಗಂಡುಮಕ್ಕಳಲ್ಲಿ ಕೂಡ. ಬೇಗ ಮೈನೆರೆದವರು ಬೇಗ ಎತ್ತರವಾಗಿ ಬೇಗ ನಿಲ್ಲುತ್ತಾರೆ. ತಡವಾದವರಿಗೆ ಬೆಳೆಯಲು ವರ್ಷಗಳು ಉಳಿದಿರುತ್ತವೆ. ಅಪ್ಪನೋ ಅಮ್ಮನೋ ತಡವಾಗಿ ಬೆಳೆದವರಾಗಿದ್ದರೆ ಮಕ್ಕಳೂ ಹಾಗೆಯೇ ಆಗುವುದುಂಟು. ಟಾನಿಕ್ಕಿಗೆ ಇಲ್ಲೇನೂ ಕೆಲಸವಿಲ್ಲ.

ಆದರೆ ಎಲ್ಲ ವಿಳಂಬವೂ ಮನೆತನದ್ದಲ್ಲ. ಈ ಮಾತನ್ನು ಕಾಸರಗೋಡಿನಲ್ಲಿ ನಿಂತು ಹೇಳದಿದ್ದರೆ ತಪ್ಪಾದೀತು. ಎಣ್ಮಕಜೆಯ ಪಡ್ರೆ ನಮಗೆ ದೂರದ ಊರಲ್ಲ. ಅಲ್ಲಿನ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಬಿದ್ದ ವಿಷ ಮಳೆನೀರಿನೊಡನೆ ತೋಡಿಗಿಳಿಯದೆ ಇರುತ್ತದೆಯೇ? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಆ ಊರಿನ 10ರಿಂದ 19 ವರ್ಷದ 117 ಮಂದಿ ಶಾಲಾ ಬಾಲಕರನ್ನೂ, ಸಿಂಪಡಣೆಯಿಲ್ಲದ ಇನ್ನೊಂದು ಊರಿನ 90 ಮಂದಿಯನ್ನೂ ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಪಡ್ರೆಯ ಹುಡುಗರಲ್ಲಿ ಹರೆಯದ ಲಕ್ಷಣಗಳು ಹಿಂದುಳಿದಿದ್ದವು, ಟೆಸ್ಟೋಸ್ಟೆರಾನ್ ಕಡಿಮೆಯಿತ್ತು. ರಕ್ತದಲ್ಲಿ ಎಂಡೋಸಲ್ಫಾನಿನ ಸರಾಸರಿ ಅಂಶ ಐದು ಪಟ್ಟಿಗಿಂತ ಅಧಿಕ. ಪರೀಕ್ಷೆಗೊಳಗಾದವರ ಸಂಖ್ಯೆ ಸಣ್ಣದೆಂದು ತಜ್ಞರೇ ಒಪ್ಪಿಕೊಂಡಿದ್ದಾರೆ. ವಿಷವು ಹರೆಯವನ್ನು ತಡಮಾಡಬಹುದು ಎಂದಷ್ಟೇ ಅವರ ಮಾತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ನಿಷೇಧಿಸಿತು. ಆ ಪಟ್ಟಿಯ ಹುಡುಗರು ಇಂದು ತಂದೆಯಾಗುವ ವಯಸ್ಸಿನವರು.

ಇನ್ನು ನಿಮ್ಮ ಮನೆಯ ವಿಚಾರ. ಹದಿಮೂರು ತುಂಬಿದ ಹುಡುಗಿಯಲ್ಲಿ ಎದೆಯ ಬೆಳವಣಿಗೆ ಕಾಣದಿದ್ದರೆ, ಹದಿನಾಲ್ಕು ತುಂಬಿದ ಹುಡುಗನಲ್ಲಿ ವೃಷಣಗಳು ದೊಡ್ಡದಾಗದಿದ್ದರೆ ವೈದ್ಯರಿಗೆ ತೋರಿಸಿ. ಹುಡುಗಿಗೆ ಎಂಟಕ್ಕೆ ಮೊದಲು, ಹುಡುಗನಿಗೆ ಒಂಬತ್ತಕ್ಕೆ ಮೊದಲು ಆ ಲಕ್ಷಣಗಳು ಕಂಡರೂ ಹಾಗೆಯೇ. ನೆಂಟರೆದುರು "ಇವನೇಕೆ ಹೀಗೆ" ಎಂದು ಕೇಳುವುದು ಬೇಡ. ಮಗು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಗೋಡೆಗೆ ನಿಲ್ಲಿಸಿ ಆರು ತಿಂಗಳಿಗೊಮ್ಮೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ವೈದ್ಯರಿಗೆ ಒಂದು ಅಳತೆಗಿಂತ ಎರಡು ಗೆರೆಗಳ ನಡುವಣ ಅಂತರ ಹೆಚ್ಚು ಹೇಳುತ್ತದೆ.

ಸಭೆ ಮುಗಿದ ಬಳಿಕ ಗ್ರಂಥಾಲಯದ ಕೋಣೆಯಲ್ಲಿ ಇರುತ್ತೇನೆ. ಇಲ್ಲಿ ಕೇಳಲು ಸಂಕೋಚವಾದುದನ್ನು ಅಲ್ಲಿ ಕೇಳಬಹುದು.